ಕಿಲ್ಪಾಕಿನ ಡಾಕ್ಟರು

"ಮೂಳೆ ಏನಾದರೂ ನುಂಗಿದೆಯೇ?" ನಾಯಿಯ ಹೊಟ್ಟೆಯ ಮೇಲೆ ಒತ್ತಿದ ಬೆರಳುಗಳನ್ನು ತೆಗೆಯದೆಯೇ ಡಾಕ್ಟರು ಕೇಳಿದರು.

ರಘುರಾಮ ಐತಾಳನಿಗೆ ಆ ಪ್ರಶ್ನೆಯಿಂದ ತುಸು ಅವಮಾನವೇ ಆಯಿತು. "ನಮ್ಮ ಮನೆಗೆ ಮೂಳೆ ಬರುವುದಿಲ್ಲ ಸಾರ್. ಇದು ಮೊಸರನ್ನ ತಿಂದು ಬೆಳೆದ ನಾಯಿ," ಎಂದು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ. ಮೇಜಿನ ಆಚೆ ಬದಿಯಲ್ಲಿ ನಾಯಿಯ ತಲೆ ಹಿಡಿದು ನಿಂತಿದ್ದ ಅವನ ಹದಿಮೂರು ವರ್ಷದ ಮಗಳು ಬೇಬಿ, "ಮಾಂಗೊಟ್ಟೈ," ಎಂದಳು. ಮಾವಿನ ಗೊರಟು. ಅಜ್ಜಿ ದಿನಾ ಹಾಕುತ್ತಾಳೆ ಎಂದೂ ತಮಿಳಿನಲ್ಲೇ ಸೇರಿಸಿದಳು.

ಡಾಕ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮೇ ತಿಂಗಳು ಬಂದರೆ ಮೈಲಾಪುರದಿಂದ, ಟ್ರಿಪ್ಲಿಕೇನಿನಿಂದ ಇಂಥವು ನಾಲ್ಕೈದು ಬರುತ್ತವೆ, ಎಲ್ಲವೂ ಮೂಳೆ ಸಿಕ್ಕದ ಮನೆಯ ನಾಯಿಗಳು ಎಂದರು. "ಗೊರಟು ಕರುಳಿನಲ್ಲಿ ಸಿಕ್ಕಿಕೊಂಡಿದೆ. ಇವತ್ತೇ ಕೊಯ್ದು ತೆಗೆಯಬೇಕು."

ಗೊರಟು ಕೊಟ್ಟದ್ದು ರಘುರಾಮನ ತಾಯಿ ಅಮ್ಮಣ್ಣಿ. ಗಂಡ ತೀರಿಕೊಂಡ ಮೇಲೆ ಕೋಟದಿಂದ ಮದರಾಸಿಗೆ ಬಂದು ಆಕೆಗೆ ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಕಲಿತ ತಮಿಳು 'ವೇಂಡಾಂ', ಬೇಡ ಎನ್ನುವುದು ಒಂದೇ. ತರಕಾರಿಯವನಿಗೆ, ಪಾತ್ರೆ ಮಾರುವವಳಿಗೆ, ಕೈ ನೋಡಿ ಭವಿಷ್ಯ ಹೇಳುವವನಿಗೆ, ಎಲ್ಲರಿಗೂ ಅದೊಂದರಲ್ಲೇ ಮುಗಿಸುತ್ತಿದ್ದಳು. ಮಗ ಬೆಳಿಗ್ಗೆ ಐದಕ್ಕೆ ಹೊಟೇಲಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಮನೆ ಸೇರುವವನು. ಸೊಸೆ ಗುಣವತಿ ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಜಿಪುಣೆ. ಈಗಂತೂ ತಂಗಿಯ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ಬೇಬಿಗೆ ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಆದರೆ ಉತ್ತರ ಬರುತ್ತಿದ್ದದ್ದು ತಮಿಳಿನಲ್ಲಿ. ಹೀಗಾಗಿ ಅಮ್ಮಣ್ಣಿಯ ಕನ್ನಡವನ್ನು ಕೂತು ಕೇಳಲು ಇಡೀ ವೆಸ್ಟ್ ಮಾಂಬಲದಲ್ಲಿ ಉಳಿದದ್ದು ಆ ನಾಯಿ ಮಾತ್ರ.

ಊಟದ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆಂದು ಅದಕ್ಕೆ ದಾಸ ಎಂದು ಹೆಸರಿಟ್ಟವಳೂ ಆಕೆಯೇ. ಮಡಿ ಹೆಂಗಸು, ಅದನ್ನು ಒಂದು ದಿನವೂ ಮುಟ್ಟಿದವಳಲ್ಲ. ಹಿತ್ತಿಲ ಬಾಗಿಲ ಹೊಸ್ತಿಲಿನಿಂದ ಒಳಗೆ ಅಮ್ಮಣ್ಣಿ, ಹೊರಗೆ ದಾಸ. ಮಧ್ಯಾಹ್ನ ಬತ್ತಿ ಹೊಸೆಯುತ್ತ ಕೂತರೆ ಕೋಟದ ಕೆರೆಯಿಂದ ಹಿಡಿದು ನಾದಿನಿಯ ಕುತಂತ್ರದವರೆಗೆ ಎಲ್ಲವೂ ಬರುತ್ತಿತ್ತು. ನಾಯಿ ಮುಂಗಾಲಿನ ಮೇಲೆ ಗದ್ದವಿಟ್ಟು ಕೇಳುತ್ತಿತ್ತು, ಆಕೆ ನಿಲ್ಲಿಸಿದರೆ ತಲೆ ಎತ್ತುತ್ತಿತ್ತು. ಬ್ರಾಹ್ಮಣರ ಮನೆ ಸೇರಿದ ತಪ್ಪಿಗೆ ಪಾಪ ಅದಕ್ಕೊಂದು ಮೂಳೆಯಿಲ್ಲವಲ್ಲ ಎಂಬ ಕೊರಗು ಆಕೆಗಿತ್ತು. ಅದಕ್ಕೇ ಮಾವಿನ ಕಾಲದಲ್ಲಿ ಸಣ್ಣ ಹಣ್ಣನ್ನು ಇಡಿಯಾಗಿ ಹಾಕಿ ಸಾಸಿವೆ ಎಂಬ ಗೊಜ್ಜು ಮಾಡಿದ ದಿನ, ಬೆಲ್ಲ ತೆಂಗಿನಕಾಯಿ ಅಂಟಿದ ಗೊರಟುಗಳನ್ನು ದೂರದಿಂದ ಒಂದೊಂದಾಗಿ ಅದರ ಮುಂದೆ ಹಾಕುತ್ತಿದ್ದಳು. ಪ್ರತಿ ವರ್ಷ ಅದು ಚೀಪಿ ಬಿಡುತ್ತಿತ್ತು. ಈ ಸಲ ಒಂದನ್ನು ನುಂಗಿತು.

"ಎಷ್ಟಾಗುತ್ತದೆ ಸಾರ್?" ರಘುರಾಮ ಕೇಳಿದ.

"ನೂರೈವತ್ತು. ಐದು ದಿನ ನಾಯಿ ಇಲ್ಲೇ ಇರಬೇಕು."

ನೂರೈವತ್ತು ಎಂದರೆ ಅವನ ಒಂದು ತಿಂಗಳ ಸಂಬಳ, ಮೇಲೆ ಹತ್ತು ರೂಪಾಯಿ. ಸ್ವಲ್ಪ ಕಡಿಮೆ ಆಗುವುದಿಲ್ಲವೇ ಎಂದು ಕೇಳಿದ. ಡಾಕ್ಟರು ಸೋಪು ಹಚ್ಚಿ ಮೊಣಕೈಯವರೆಗೂ ತೊಳೆಯುತ್ತ, ಸಿಟ್ಟಿಲ್ಲದೆಯೇ ಹೇಳಿದರು: "ಮಾಡೋಣ. ಯಾವುದನ್ನು ಕಡಿಮೆ ಮಾಡಲಿ, ನೀವೇ ಹೇಳಿ. ಅರಿವು ತಪ್ಪಿಸುವ ಔಷಧಿಯನ್ನೋ, ಕತ್ತರಿ ಕುದಿಸುವುದನ್ನೋ, ಐದು ದಿನದ ಆರೈಕೆಯನ್ನೋ?" ಮೂಲೆಯಲ್ಲಿ ಒಂದು ಉಕ್ಕಿನ ಪೆಟ್ಟಿಗೆಯೊಳಗೆ ಕೊಯ್ಯುವ ಸಲಕರಣೆಗಳು ಕುದಿಯುತ್ತಿದ್ದವು, ಅದರ ಹಬೆ ಗೋಡೆಯ ಬಿಳಿ ಹೆಂಚಿನ ಮೇಲೆ ನೀರಾಗಿ ಇಳಿಯುತ್ತಿತ್ತು. ಭಾನುವಾರವಾದ್ದರಿಂದ ಸರಕಾರಿ ಆಸ್ಪತ್ರೆಯಲ್ಲಿ ಕೊಯ್ಯುವುದು ನಾಳೆಯೇ, ಅಷ್ಟು ಹೊತ್ತು ಕಾಯುವ ಹಾಗಿಲ್ಲ ಎಂದೂ ಅವರು ಹೇಳಿದರು.

"ಉಳಿಯುತ್ತದೆಯೇ?"

"ಇವತ್ತು ಮಾಡಿದರೆ ಹತ್ತರಲ್ಲಿ ಎಂಟು ಉಳಿಯುತ್ತವೆ."

ದುಡ್ಡು ತರುತ್ತೇನೆಂದು ಹೇಳಿ ರಘುರಾಮ ಹೊರಗೆ ಬಂದ. ನಾಯಿಯನ್ನು ಅಲ್ಲೇ ಬಿಟ್ಟು ಹೋಗಿ ಎಂದರೂ ಕೇಳಲಿಲ್ಲ. ಬಿಟ್ಟರೆ ಒಪ್ಪಿದ ಹಾಗಾಗುತ್ತದೆ ಎಂದು ಅವನಿಗೆ ಅನಿಸಿತು. ಹೊರಗೆ ಕಾಯುತ್ತಿದ್ದ ಸೈಕಲ್ ರಿಕ್ಷಾದಲ್ಲಿ ಬೇಬಿ ದಾಸನನ್ನು ಗೋಣಿಯ ಸಮೇತ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ರಘುರಾಮ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹದಿನಾಲ್ಕನೆಯ ವಯಸ್ಸಿಗೆ ಲೋಟ ತೊಳೆಯಲು ಬಂದು, ಟೇಬಲ್ ಒರೆಸಿ, ಸಪ್ಲೈ ಮಾಡಿ, ಈಗ ಹೊಟೇಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರೆಗೆ ಬಂದಿದ್ದ. ಯಾರ ದುಡ್ಡನ್ನೂ ಮುಟ್ಟಿದವನಲ್ಲ. ಧಣಿಗಳು ಅವನಿಗೆ ಮುಂಗಡ ಇಲ್ಲವೆನ್ನುವವರೂ ಅಲ್ಲ. ಕೇಳಿದರೆ ಕೊಡುತ್ತಿದ್ದರು. ಆದರೆ ಯಾಕೆಂದು ಕೇಳುತ್ತಿದ್ದರು, ಇವನು ಹೇಳಬೇಕಾಗಿತ್ತು, ಅಲ್ಲೇ ಅವನ ಕಷ್ಟ. ಬೋಂಡ ಹಾಕುವವನೊಬ್ಬ ನಲವತ್ತು ರೂಪಾಯಿ ಕೊಟ್ಟು ಕೈಗಡಿಯಾರ ಕೊಂಡಿದ್ದಕ್ಕೆ ಹೊಟೇಲಿನ ಹುಡುಗರೆಲ್ಲ ಇಂದಿಗೂ ಅವನನ್ನು ದಿನಕ್ಕೆ ಹತ್ತು ಸಲ ಗಂಟೆ ಕೇಳುತ್ತಿದ್ದರು. ಬೀದಿನಾಯಿಯ ಹೊಟ್ಟೆಗೆ ನೂರೈವತ್ತು ಸುರಿದವನನ್ನು ಸುಮ್ಮನೆ ಬಿಡುವುದುಂಟೇ?

ಟಿ. ನಗರದ ಹೊಟೇಲಿನ ಮುಂದೆ ರಿಕ್ಷಾ ನಿಲ್ಲಿಸಿ ಒಳಗೆ ಹೋದ. ಅವನಿಗೆ ರಜೆ ಕೊಟ್ಟು ಧಣಿಗಳೇ ಗಲ್ಲಾದಲ್ಲಿ ಕೂತಿದ್ದರು. "ಎಂತ ರಘುರಾಮ, ಇವತ್ತೂ ಕೆಲ್ಸ ನೆನ್ಪಾಯ್ತಾ?" ಎಂದು ನಕ್ಕರು. ಮುಂಗಡ ಕೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಎರಡು ಟೇಬಲಿನವರು ಬಿಲ್ ಹಿಡಿದು ಬಂದರು. "ಎಂತದೂ ಇಲ್ಲೆ, ಕಿಟ್ಟಣ್ಣನ ಹತ್ರ ಒಂದ್ ಮಾತಿತ್ತ್," ಎಂದು ಹೇಳಿ ರಘುರಾಮ ಅಡುಗೆಮನೆಗೆ ನುಗ್ಗಿದ.

ದೊಡ್ಡ ಅಡುಗೆಯ ಕಿಟ್ಟಣ್ಣ ಸಾಂಬಾರಿನ ಹಂಡೆ ತಿರುವುತ್ತಿದ್ದ. ವಿಷಯ ಕೇಳಿ ಸೌಟು ನಿಲ್ಲಿಸಿದ.

"ನೂರೈವತ್ತಾ? ನನ್ ಹೊಟ್ಟೆ ಕೊಯ್ದ್ರೂ ಅಷ್ಟ್ ಆತಿಲ್ಲೆ ಮಾರಾಯಾ."

"ಅಮ್ಮಂಗೆ ಅದ್ ಬಿಟ್ರೆ ಬೇರೆ ಯಾರ್ ಇದ್ದೊ ಕಿಟ್ಟಣ್ಣ?"

"ಉಳ್ಸ್ಕ್ ಅಂಬುದ್ ಸರಿಯೆ. ಅದ್ಕೆ ಕಿಲ್ಪಾಕಿಗೇ ಹೋಯ್ಕಾ? ವಡಪಳನಿ ಬದಿಗೆ ಒಬ್ಬ ನಾಯ್ಡು ಇದ್ದ. ಸಿನೆಮಾ ಸ್ಟುಡಿಯೋದ ಕುದ್ರಿಗೆಲ್ಲ ಮದ್ದ್ ಮಾಡುದ್ ಅವ್ನೇ. ಧಣಿಗಳ ದನದ ಕೊಂಬ್ ಕೊಯ್ದದ್ದೂ ಅವ್ನೇ. ಮೂವತ್ ರೂಪಾಯಿ ಕೊಟ್ರೆ ಧಾರಾಳ."

ಕುದುರೆ ನೋಡುವವನಿಗೆ ನಾಯಿಯ ಹೊಟ್ಟೆ ಗೊತ್ತಿರುತ್ತದೆಯೇ ಎಂದು ರಘುರಾಮ ಕೇಳಲಿಲ್ಲ. ಕೇಳಿದ್ದರೆ ಕಿಟ್ಟಣ್ಣ ಏನಾದರೂ ಹೇಳುತ್ತಿದ್ದ, ಆಮೇಲೆ ಯೋಚಿಸಬೇಕಾಗುತ್ತಿತ್ತು. ಮೂವತ್ತು ರೂಪಾಯಿ ಜೇಬಿನಲ್ಲೇ ಇತ್ತು.

ನಾಯ್ಡುವಿನ ಮನೆ ಮುರುಗನ ಗುಡಿಯ ಹಿಂದಿನ ಓಣಿಯಲ್ಲಿತ್ತು. ಹಿತ್ತಿಲಲ್ಲಿ ಒಂದು ಬಿಳಿ ಕುದುರೆ ಕಟ್ಟಿತ್ತು, ಅದರ ಹಣೆಗೆ ಹಚ್ಚಿದ ಚಿನ್ನದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ನಾಯ್ಡು ಅರವತ್ತು ದಾಟಿದ, ನಗುಮುಖದ ಮನುಷ್ಯ. ದಾಸನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿ, ಮೂತಿಗೆ ಲಾಡಿ ಕಟ್ಟಿ, ಒಂದು ಸೂಜಿ ಚುಚ್ಚಿದ. "ಇದೇನು ಸಾಮಿ, ಅರ್ಧ ಗಂಟೆಯ ಕೆಲಸ," ಎಂದು ಬಾವಿಯ ಬಕೀಟಿನಲ್ಲಿ ಕೈ ಅದ್ದಿ ತೊಳೆದ. ಗೂಡಿನಿಂದ ಕತ್ತಿ ತೆಗೆದು, ಹೆಗಲ ಮೇಲಿದ್ದ ತುಂಡು ಬಟ್ಟೆಯಿಂದ ಎರಡೂ ಬದಿ ಒರೆಸಿದ. ಅದೇ ಬಟ್ಟೆಯಿಂದ ಆಗಷ್ಟೇ ಕುದುರೆಯ ಬೆನ್ನು ಒರೆಸಿದ್ದ.

"ಅಪ್ಪಾ," ಎಂದು ಬೇಬಿ ರಘುರಾಮನ ಅಂಗಿಯ ಚುಂಗು ಹಿಡಿದಳು. ಅವನೂ ನೋಡಿದ್ದ. ಕಿಲ್ಪಾಕಿನಲ್ಲಿ ಕುದಿಯುತ್ತಿದ್ದ ಪೆಟ್ಟಿಗೆ ಅವನಿಗೂ ನೆನಪಾಯಿತು. ಒಂದು ಮಾತು ಆಡಿದ್ದರೆ ನಾಯ್ಡು ಬೇಸರಪಟ್ಟುಕೊಳ್ಳದೆ ನೀರು ಕಾಯಿಸುತ್ತಿದ್ದ, ಅಂಥ ಮನುಷ್ಯ ಅವನು. ಆದರೆ ಮೂವತ್ತು ರೂಪಾಯಿ ಕೊಡುವವನಿಗೆ ಅದನ್ನೆಲ್ಲ ಕೇಳುವ ಹಕ್ಕಿಲ್ಲವೇನೋ ಎಂಬ ಸಂಕೋಚ ಅವನನ್ನು ಹಿಡಿಯಿತು. ಮಗಳ ಕೈ ಬಿಡಿಸಿ, "ನೀನು ಆಚೆ ಹೋಗಿ ಕೂತ್ಕೊ," ಎಂದ.

ಗೊರಟು ಸಿಕ್ಕಿತು. ನಾಯ್ಡು ಅದನ್ನು ಅಂಗೈಯಲ್ಲಿ ಹಿಡಿದು ಹೆಮ್ಮೆಯಿಂದ ತೋರಿಸಿದ. ಹೊಲಿಗೆ ಹಾಕಿ, ಅರಿಸಿನದ ಬಣ್ಣದ ಯಾವುದೋ ಪುಡಿ ಉದುರಿಸಿ, ಧೋತರದ ತುಂಡು ಸುತ್ತಿದ. ದಾಸ ಉಸಿರಾಡುತ್ತಿತ್ತು. ರಘುರಾಮನ ಎದೆಯ ಮೇಲಿನ ಭಾರ ಇಳಿಯಿತು. ಮರಳಿ ಬರುವಾಗ ದುರೈಸ್ವಾಮಿ ರಸ್ತೆಯ ತಿರುವಿನಲ್ಲಿ, "ಅಜ್ಜಿ ಕೇಂಡ್ರೆ ಕಿಲ್ಪಾಕಿನ ಡಾಕ್ಟ್ರೇ ಕೊಯ್ದದ್ದ್ ಅಂದ್ ಹೇಳ್. ಗೊರಟಿನ ಸುದ್ದಿ ಬೇಡ, ಗಂಟ್ ಇತ್ತ್ ಅಂದ್ರ್ ಅಂದ್ ಹೇಳ್. ಸುಮ್ನೆ ತಲೆಗ್ ಹಚ್ಕಂತ್ರ್," ಎಂದ. ಬೇಬಿ ನಾಯಿಯ ಕಿವಿಯನ್ನು ಎರಡು ಬೆರಳಲ್ಲಿ ಸವರುತ್ತ ಕೂತಿದ್ದಳು.

ಅಮ್ಮಣ್ಣಿ ಬೀದಿಬಾಗಿಲಲ್ಲೇ ಕಾಯುತ್ತಿದ್ದಳು. ಅಷ್ಟು ವರ್ಷದಲ್ಲಿ ಆಕೆ ಬೀದಿಬಾಗಿಲಿಗೆ ಬಂದದ್ದೇ ಅಪರೂಪ.

"ಎಂತ ಹೇಳ್ದ್ರ್ ಮಾಣಿ ಡಾಕ್ಟ್ರ್?"

"ಹೊಟ್ಟೆಯೊಳ್ಗೆ ಗಂಟ್ ಇತ್ತಂಬ್ರ್ ಅಮ್ಮ. ಕೊಯ್ದ್ ತೆಗ್ದ್ರ್. ಇನ್ ಹೆದ್ರಿಕೆ ಇಲ್ಲೆ."

"ಕಿಲ್ಪಾಕಿನವ್ರೇ ಕೊಯ್ದದ್ದಾ?"

"ಅವ್ರೇ."

ಹಿತ್ತಿಲ ಮೆಟ್ಟಿಲ ಮೇಲೆ ಗೋಣಿ ಹಾಸಿ ಮಲಗಿಸಿದರು. ಅಮ್ಮಣ್ಣಿ ಹೊಸ್ತಿಲ ಒಳಗೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ನಾಯಿಯ ಪಕ್ಕ ಕೂತು ಅದರ ತಲೆಯ ಮೇಲೆ ಕೈಯಿಟ್ಟಳು. ದಾಸ ಕಣ್ಣು ತೆರೆದು, ಇದು ಯಾರ ಕೈ ಎಂದು ತಿಳಿಯದವರ ಹಾಗೆ ನೋಡಿತು. "ಸ್ನಾನ ಮಾಡಿರೆ ಆಯ್ತಪ್ಪ," ಎಂದು ಆಕೆ ಯಾರನ್ನೂ ನೋಡದೆ ಹೇಳಿದಳು.

ಸೋಮವಾರ ಅದು ಎರಡು ಚಮಚ ಗಂಜಿ ನೆಕ್ಕಿತು. ಅಮ್ಮಣ್ಣಿ ಅಂದು ಊರಿನ ಯಾವ ಕಥೆಯನ್ನೂ ಬಿಡಲಿಲ್ಲ. ಮಂಗಳವಾರ ಅದರ ಮೈ ಬಿಸಿಯಾಯಿತು, ಹೊಟ್ಟೆ ಊದಿತು, ಪಟ್ಟಿಯಿಂದ ವಾಸನೆ ಬರತೊಡಗಿತು. ರಘುರಾಮ ಹೊಟೇಲಿನಿಂದ ಓಡಿಹೋಗಿ ನಾಯ್ಡುವನ್ನು ಕಂಡ. ಅದೇ ಪುಡಿಯನ್ನು ಮತ್ತೆ ಹಾಕಿ ಎಂದು ನಾಯ್ಡು ಪೊಟ್ಟಣ ಕಟ್ಟಿ ಕೊಟ್ಟ. ಕಿಲ್ಪಾಕಿಗೆ ಹೋಗಲೇ ಎಂದು ರಘುರಾಮ ಯೋಚಿಸಿದ. ಹೋದರೆ ಆ ಡಾಕ್ಟರು ಪಟ್ಟಿ ಬಿಚ್ಚಿ ನೋಡುತ್ತಾರೆ, ಯಾರು ಕೊಯ್ದದ್ದು ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನೆನೆದೇ ಅವನು ಹೋಗಲಿಲ್ಲ. ಇದು ಅವನು ಮಾಡಿದ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಮೊದಲನೆಯದನ್ನು ದುಡ್ಡಿಲ್ಲವೆಂದಾದರೂ ಹೇಳಬಹುದಿತ್ತು.

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಅಮ್ಮಣ್ಣಿ ಅದರ ಬಾಯಿಗೆ ಹತ್ತಿಯಿಂದ ನೀರು ಹಿಂಡುತ್ತಿದ್ದಾಗಲೇ ದಾಸ ಸತ್ತಿತು. ಬೇಬಿ ಹೊಟೇಲಿಗೆ ಓಡಿಬಂದು ಅಪ್ಪನಿಗೆ ಹೇಳಿದಳು. ಕಿಟ್ಟಣ್ಣ ಅಡುಗೆಮನೆಯನ್ನು ಬೇರೆಯವರಿಗೆ ವಹಿಸಿ ಗುದ್ದಲಿ ತಂದ. ರೈಲುಹಳಿಯ ಪಕ್ಕದ ಖಾಲಿ ಜಾಗದಲ್ಲಿ ಇಬ್ಬರೂ ಸೇರಿ ಗುಂಡಿ ತೋಡಿದರು. ಮಣ್ಣು ಮುಚ್ಚುವಾಗ ಕಿಟ್ಟಣ್ಣ, "ನಾನ್ ಆ ನಾಯ್ಡು ಹೆಸ್ರ್ ಹೇಳ್ಕಾಗಿತ್ತಿಲ್ಲೆ," ಎಂದ. ರಘುರಾಮ ಗುದ್ದಲಿ ತೆಗೆದುಕೊಂಡು ಉಳಿದ ಮಣ್ಣು ಎಳೆದ.

ಮನೆಗೆ ಬಂದಾಗ ಅಮ್ಮಣ್ಣಿ ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಅತ್ತಿರಲಿಲ್ಲ. ಮಗ ಕೈಕಾಲು ತೊಳೆದು ಬಂದು ಎದುರು ಕೂತದ್ದನ್ನು ನೋಡಿ, ಬೇಬಿಯನ್ನು ಕರೆದಳು.

"ಇಲ್ ಬಾ ಹೆಣ್ಣೆ. ನಿನ್ ಅಪ್ಪ ನಂಗ್ ಬೇಜಾರ್ ಆತ್ತ್ ಅಂದ್ ಖರೆ ಹೇಳುದಿಲ್ಲೆ. ನೀನ್ ಹೇಳ್. ಅವ್ನ ಹೊಟ್ಟೆಯೊಳ್ಗೆ ಇದ್ದದ್ದ್ ಗೊರಟ್ ಅಲ್ದಾ? ನಾನ್ ಹಾಕಿದ್ದ್?"

ರಘುರಾಮ ಮಗಳ ಕಡೆ ನೋಡಿದ. ಹೌದು ಎಂದರೆ ಎಲ್ಲ ಭಾರ ಅಮ್ಮನ ಮೇಲೆ ಹೋಗುತ್ತದೆ, ಕಲ್ಲಿನ ಮೇಲೆ ಕೊಯ್ದದ್ದನ್ನು ಯಾರೂ ಕೇಳುವುದಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಬೇಬಿ ಹೌದೆನ್ನಲಿ ಎಂದು ಅವನ ಮನಸ್ಸು ಬಯಸಿತು. ಹಾಗೆ ಬಯಸಿದ್ದು ಅವನಿಗೇ ತಿಳಿದು, ನಾಚಿಕೆಯಾಯಿತು.

ಬೇಬಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. "ಅಲ್ಲ ಅಜ್ಜಿ," ಎಂದಳು. "ಗೊರಟ್ ಅಲ್ಲ, ಗಂಟ್. ನಾನ್ ಕಂಡಿದ್ದೆ."

ಕನ್ನಡದಲ್ಲಿ ಹೇಳಿದ್ದಳು. ತಡವರಿಸದೆ, ಅಮ್ಮಣ್ಣಿಯ ಹಾಗೆಯೇ. ದಿನಾ ಮಧ್ಯಾಹ್ನ ಹೊಸ್ತಿಲಲ್ಲಿ ನಾಯಿಗೆಂದು ಆಡಿದ ಮಾತು ಒಳಗೆ ಓದುತ್ತ ಕೂತವಳ ಕಿವಿಗೂ ಬಿದ್ದಿತ್ತಲ್ಲ.

"ನೀ ಕಂಡ್ಯಾ?"

"ಹೂಂ. ಡಾಕ್ಟ್ರ್ ತೋರ್ಸಿದ್ರ್. ಯಾರ್ ಕೊಯ್ದ್ರೂ ಉಳಿತಿರ್ಲಿಲ್ಲೆ ಅಂದ್ರ್."

"ಯಾವ್ ಡಾಕ್ಟ್ರ್?"

ಬೇಬಿ ಅಪ್ಪನ ಕಡೆ ನೋಡಲಿಲ್ಲ. "ಕಿಲ್ಪಾಕಿನ ಡಾಕ್ಟ್ರ್," ಎಂದಳು.

ಅಮ್ಮಣ್ಣಿ ದೀರ್ಘವಾಗಿ ಉಸಿರು ಬಿಟ್ಟಳು. 'ಹಾಂಗಾರೆ ಸೈ' ಎಂದುಕೊಂಡು ಎದ್ದು ದೇವರ ಗೂಡಿನ ಹತ್ತಿರ ಹೋದಳು. ಸಾಲಿಗ್ರಾಮದ ಪೆಟ್ಟಿಗೆಯ ಅಡಿಯಿಂದ ಒಂದು ಸಣ್ಣ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಗಂಡನ ಪವಿತ್ರದುಂಗುರವಿತ್ತು. ಅದನ್ನು ಮಗನ ಮುಂದೆ ಹಿಡಿದಳು.

"ಪಕ್ಕದ್ಮನೆ ಶಾರದಮ್ಮ ಬೆರಳ್ ಎಣ್ಸಿ ಕೈಸನ್ನೆಯಲ್ಲ್ ಹೇಳ್ದ್ರ್, ಆ ಡಾಕ್ಟ್ರ್ ನೂರೈವತ್ತಕ್ಕೆ ಕಡ್ಮಿ ಮುಟ್ಟುದಿಲ್ಯಂಬ್ರು. ನೀ ಧಣಿಗಳ ಹತ್ರ ಕೈ ಒಡ್ಡಿರ್ಕ್. ಇದನ್ ಕೊಟ್ಟ್ ತೀರ್ಸ್."

"ಬೇಡ ಅಮ್ಮ."

"ಎಂತಕೆ ಬೇಡ? ನಾಯಿ ನಂದ್. ನಿಂಗೆ ಮನೆ ಇತ್ತ್, ಸಂಸಾರ ಇತ್ತ್. ಒಂದ್ ನಾಯಿಗ್ ಅಂದ್ ನೀ ಎಂತದೂ ಕಡ್ಮಿ ಮಾಡ್ಲಿಲ್ಲೆ. ನಂಗ್ ಅಷ್ಟ್ ಸಾಕ್." ಆಕೆಯ ದನಿ ಅಲ್ಲಿಗೆ ಒಡೆಯಿತು. ಅಷ್ಟು ಹೊತ್ತು ತಡೆದಿದ್ದ ಅಳು ಈಗ ಬಂತು. ಅಳುತ್ತಲೇ ಮಗನ ಕೈ ಎಳೆದು, ಉಂಗುರವನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದಳು.

ಬೇಡವೆನ್ನಲು ಅವನಿಗಿದ್ದ ಕಾರಣ ಒಂದೇ, ಅದನ್ನು ಹೇಳಿದರೆ ಮಗಳು ಸುಳ್ಳುಗಾರ್ತಿಯಾಗುತ್ತಿದ್ದಳು. ಆಮೇಲೆ ಗೊರಟಿನ ಮಾತೂ ಬರುತ್ತಿತ್ತು. ರಘುರಾಮ ಮುಷ್ಟಿ ಬಿಚ್ಚಲಿಲ್ಲ.

ಅಮ್ಮಣ್ಣಿ ಸೆರಗಿನಿಂದ ಮುಖ ಒರೆಸಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ, ತನ್ನ ಜಾಗದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಬೇಬಿಯೂ ಎದ್ದು ಹೋಗಿ, ಹೊಸ್ತಿಲು ದಾಟಿ, ತೊಳೆದು ಇನ್ನೂ ಒದ್ದೆಯಿದ್ದ ಮೆಟ್ಟಿಲ ಮೇಲೆ ಕೂತಳು. ತಾಂಬರಂ ಕಡೆಗೆ ಹೋಗುವ ರೈಲು ಸದ್ದು ಮಾಡಿ ಹೋಯಿತು. ಅದು ಪೂರ್ತಿ ಹೋಗುವವರೆಗೆ ಅಮ್ಮಣ್ಣಿ ಕಾದಳು.

"ಆ ಉಂಗ್ರ ಇತ್ತಲ," ಎಂದಳು ಮೊಮ್ಮಗಳಿಗೆ. "ಅದ್ನ ನಿನ್ ಅಜ್ಜ ಮಾಡ್ಸಿದ್ದ್ ಕುಂದಾಪ್ರದಲ್ಲ್. ನಿನ್ ಅಪ್ಪ ಹುಟ್ಟಿದ್ ವರ್ಷ. ಅಕ್ಕಸಾಲಿ ಮನೆ ಜಗ್ಲಿಯಲ್ಲ್ ಮೂರ್ ದಿನ ಕೂತ್, ಕಣ್ಣೆದ್ರೇ ಮಾಡ್ಸಿ ತಂದ್ರ್..."

"ಹೂಂ," ಎಂದಳು ಬೇಬಿ, ಒಳಗಿದ್ದ ಅಪ್ಪನ ಕಡೆ ತಿರುಗಿ ನೋಡದೆ.